ಮುಖಕ್ಕೆ ಏನು ಹಚ್ಚಲಿ ಎಂದು ಯಾರನ್ನು ಕೇಳಲಿ?

ಈಚೆಗೆ ಬೆಂಗಳೂರಿನ ಒಂದು ಮಾಲ್‌ನಲ್ಲಿ ನನ್ನ ಅಕ್ಕನ ಮಗಳ ಮುಖವನ್ನು ಯಂತ್ರವೊಂದು ಪರೀಕ್ಷೆ ಮಾಡಿತು. ಗಾಜಿನ ಕಪಾಟುಗಳ ನಡುವೆ ಎತ್ತರದ ಒಂದು ಕುರ್ಚಿ, ಎದುರಿಗೆ ಕ್ಯಾಮೆರಾ, ಪಕ್ಕದಲ್ಲಿ ಪರದೆ. ಪರದೆಯ ಮೇಲೆ ಅವಳ ಕೆನ್ನೆಯ ಒಂದೊಂದು ರಂಧ್ರವೂ ಕಾಣುತ್ತಿತ್ತು. ಕಪ್ಪು ಸಮವಸ್ತ್ರ ತೊಟ್ಟ ಹುಡುಗಿ ಬಹಳ ವಿನಯದಿಂದ, "ಮ್ಯಾಮ್, ನಿಮ್ಮ ಸ್ಕಿನ್ ಏಜ್ ಮೂವತ್ತಾರು ಅಂತ ತೋರಿಸ್ತಿದೆ" ಅಂದಳು. ನಮ್ಮ ಹುಡುಗಿಗೆ ಇಪ್ಪತ್ತೇಳು. ಗಲ್ಲದ ಸುತ್ತ ನಾಲ್ಕಾರು ಮೊಡವೆ ಎದ್ದಿದ್ದವು, ಅದಕ್ಕೇನಾದರೂ ಕೊಳ್ಳೋಣ ಎಂದು ಬಂದವಳು. ಯಂತ್ರ ಕೊಟ್ಟ ಪಟ್ಟಿಯಲ್ಲಿ ಫೇಸ್‌ವಾಶ್, ಟೋನರ್, ಬೆಳಗಿಗೊಂದು ಸೀರಮ್, ರಾತ್ರಿಗೊಂದು ಸೀರಮ್, ಕಣ್ಣಿನ ಕೆಳಗೆ ಹಚ್ಚುವ ಕ್ರೀಮ್, ಸನ್‌ಸ್ಕ್ರೀನ್ ಇದ್ದವು. ಎಲ್ಲವೂ ಅದೇ ಅಂಗಡಿಯವು.

ಅವಳು ಏನನ್ನೂ ಕೊಳ್ಳಲಿಲ್ಲ. ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದು, "ಚಿಕ್ಕಿ, ಇದನ್ನ ಮಾರದೇ ಇರೋರು, ಬರೀ ಹೇಳೋರು ಯಾರಾದ್ರೂ ಇದಾರಾ?" ಎಂದಳು.

ಆ ಪ್ರಶ್ನೆ ನನ್ನನ್ನು ನೇರವಾಗಿ ಮಲೆನಾಡಿನ ಒಂದು ತಾಲೂಕು ಕೇಂದ್ರಕ್ಕೆ, ಅಲ್ಲಿನ ಒಂದು ಮೆಡಿಕಲ್ ಶಾಪಿನ ಒಳಮೇಜಿಗೆ ಕರೆದುಕೊಂಡು ಹೋಯಿತು. 1990ರ ದಶಕದ ಮೊದಲ ವರ್ಷಗಳು. ಬಿ.ಕಾಂ. ಮುಗಿಸಿ, ಅಲ್ಲಿ ಇಲ್ಲಿ ಅರ್ಜಿ ಹಾಕಿ ಕಾಯುತ್ತಿದ್ದ ನನಗೆ ಅಂಗಡಿಯ ಲೆಕ್ಕ ಬರೆಯುವ ಕೆಲಸ ಸಿಕ್ಕಿತ್ತು. ಬಸ್ ನಿಲ್ದಾಣದಿಂದ ಸರ್ಕಾರಿ ಆಸ್ಪತ್ರೆಗೆ ಹೋಗುವ ರಸ್ತೆಯಲ್ಲಿ ಇದ್ದ ಅಂಗಡಿ. ಮುಂದೆ ಗಲ್ಲಾ ಮತ್ತು ಗಾಜಿನ ಕೌಂಟರು, ಹಿಂದೆ ಒಂದು ಪರದೆ, ಪರದೆಯ ಒಳಗೆ ನನ್ನ ಮರದ ಮೇಜು. ಮಳೆಗಾಲದಲ್ಲಿ ಔಷಧಿಯ ರಟ್ಟಿನ ಡಬ್ಬಗಳಿಂದ ಮುಗ್ಗಲು ವಾಸನೆ ಏಳುತ್ತಿತ್ತು. ಗದ್ದೆಯಲ್ಲಿ ನೆಟ್ಟಿ ಮಾಡಿದ ಹೆಂಗಸರು ಕಾಲ್ಬೆರಳ ಸಂದಿಯ ಕೆಸರುಹುಣ್ಣು ತೋರಿಸಿ ಮುಲಾಮು ಕೇಳುತ್ತಿದ್ದರು. ಒದ್ದೆ ಬಟ್ಟೆಯಲ್ಲೇ ದಿನ ಕಳೆದವರಿಗೆ ಹುಳುಕಡ್ಡಿ. ಬೇಸಿಗೆ ಬಂತೆಂದರೆ ಮಕ್ಕಳ ಬೆನ್ನಿಗೆ ಬೆವರುಸಾಲೆ.

ಇವರೆಲ್ಲ ಗಟ್ಟಿಯಾಗಿ ಕೇಳುತ್ತಿದ್ದರು. ಮುಖದ ವಿಷಯಕ್ಕೆ ಬಂದವರು ಮಾತ್ರ ಕೌಂಟರಿನ ಮೂಲೆಯಲ್ಲಿ ನಿಂತು ಉಳಿದ ಗಿರಾಕಿಗಳು ಹೋಗಲಿ ಎಂದು ಕಾಯುತ್ತಿದ್ದರು. ಆಮೇಲೆ ಸೆರಗು ಸರಿಸಿ, ಕೆನ್ನೆಯ ಮೇಲಿನ ಬಂಗನ್ನೋ ಹಣೆಯ ಮೊಡವೆಯನ್ನೋ ಬೆರಳಲ್ಲಿ ತೋರಿಸಿ, "ಇದಕ್ಕೆ ಏನಾದ್ರೂ ಕೊಡಿ" ಎನ್ನುತ್ತಿದ್ದರು. ಮನೆಯಲ್ಲಿ ಕೇಳಿದರೆ ಬೈಗುಳ, ಡಾಕ್ಟರ ಹತ್ತಿರ ಇಷ್ಟು ಸಣ್ಣದಕ್ಕೆ ಹೋಗುವುದೆಂತು ಎಂಬ ಸಂಕೋಚ. ಹಾಗಾಗಿ ಅವರ ಚರ್ಮದ ವೈದ್ಯರು ನಮ್ಮ ಅಂಗಡಿಯ ಯಜಮಾನರೇ.

ಯಜಮಾನರು ಒಳ್ಳೆಯ ಮನುಷ್ಯ. ಈ ಮಾತನ್ನು ನಾನು ಯಾವ ಅಳುಕೂ ಇಲ್ಲದೆ ಹೇಳಬಲ್ಲೆ. ಮಧ್ಯರಾತ್ರಿ ಬಾಗಿಲು ಬಡಿದರೂ ಎದ್ದು ಬಂದು ಅಂಗಡಿ ತೆರೆಯುತ್ತಿದ್ದರು. ಉದ್ರಿ ಪುಸ್ತಕದಲ್ಲಿ ಎಷ್ಟೋ ಹೆಸರುಗಳ ಮುಂದೆ ಅವರೇ ಅಡ್ಡಗೆರೆ ಎಳೆದು, "ಇದು ಬರೋದಲ್ಲ, ಬಿಡಮ್ಮ" ಎನ್ನುತ್ತಿದ್ದರು. ಹೆರಿಗೆಗೆ ಬಂದ ಬಡ ಹೆಂಗಸರಿಗೆ ಟಾನಿಕ್ ಬಾಟಲಿಯನ್ನು ಸುಮ್ಮನೆ ಕೊಟ್ಟದ್ದನ್ನು ನಾನು ಕಂಡಿದ್ದೇನೆ.

ಆದರೆ ನಾನು ಕುಳಿತ ಜಾಗದಿಂದ ಬೇರೆಯವರಿಗೆ ಕಾಣದ ಒಂದು ಸಂಗತಿ ಕಾಣುತ್ತಿತ್ತು. ಕಂಪನಿಗಳ ರೆಪ್ರೆಸೆಂಟೇಟಿವ್‌ಗಳು ಬ್ಯಾಗು ಹಿಡಿದು ಬರುತ್ತಿದ್ದರು. ಹತ್ತು ಕ್ರೀಮ್ ತೆಗೆದುಕೊಂಡರೆ ಒಂದು ಫ್ರೀ, ಇನ್ನೊಂದು ಕಂಪನಿಯದಾದರೆ ಹತ್ತಕ್ಕೆ ಎರಡು. ಈ ಸ್ಕೀಮ್‌ಗಳನ್ನೂ ಸ್ಟಾಕಿಸ್ಟ್ ಕಳುಹಿಸಿದ ಬಿಲ್ಲುಗಳನ್ನೂ ಖರೀದಿ ಪುಸ್ತಕಕ್ಕೆ ಏರಿಸುವುದು ನನ್ನ ಕೆಲಸ. ಯಾವ ಟ್ಯೂಬಿನ ಮೇಲೆ ಎಷ್ಟು ಉಳಿಯುತ್ತದೆ ಎಂದು ನನಗೆ ಬಾಯಿಪಾಠ. ಬರೆಯುತ್ತ ಕುಳಿತಾಗ ಪರದೆಯಾಚೆಯಿಂದ ಯಜಮಾನರ ಮಾತು ಕಿವಿಗೆ ಬೀಳುತ್ತಿತ್ತು. ಹತ್ತಕ್ಕೆ ಎರಡು ಫ್ರೀ ಬಂದ ವಾರ ಅವರ ಬಾಯಲ್ಲಿ ಆ ಕ್ರೀಮಿನ ಹೆಸರು. ಮುಂದಿನ ತಿಂಗಳು ಸ್ಕೀಮ್ ಇನ್ನೊಂದಕ್ಕೆ ಬದಲಾದರೆ, ಅದೇ ಬಂಗಿಗೆ, ಅದೇ ಮೊಡವೆಗೆ, ಇನ್ನೊಂದು ಹೆಸರು. ಅವರು ಸುಳ್ಳು ಹೇಳುತ್ತಿರಲಿಲ್ಲ. "ಇದು ಒಳ್ಳೇದಮ್ಮ, ಎಲ್ಲರಿಗೂ ಗುಣ ಕೊಟ್ಟಿದೆ" ಎನ್ನುವಾಗ ಅವರ ದನಿಯಲ್ಲಿ ನಂಬಿಕೆಯೇ ಇರುತ್ತಿತ್ತು. ಸ್ಕೀಮ್ ಮೊದಲು ಬರುತ್ತಿತ್ತು, ನಂಬಿಕೆ ಅದರ ಹಿಂದೆ ತಾನಾಗಿ ಬರುತ್ತಿತ್ತು. ಪಕ್ಷಪಾತ ಮಾಡುವವರಿಗೆ ತಾವು ಪಕ್ಷಪಾತ ಮಾಡುತ್ತಿದ್ದೇವೆ ಎಂದು ಅನ್ನಿಸುವುದಿಲ್ಲ ಎನ್ನುವುದನ್ನು ನಾನು ಕಲಿತದ್ದು ಆ ಲೆಕ್ಕದ ಪುಸ್ತಕದಿಂದ. ಮಾಲ್‌ನ ಹುಡುಗಿಯ ಮೇಲೆ ನನಗೆ ಸಿಟ್ಟು ಬಾರದಿದ್ದುದಕ್ಕೂ ಅದೇ ಕಾರಣ. ಅವಳ ಹಿಂದೆಯೂ ಎಲ್ಲೋ ಒಂದು ಪುಸ್ತಕವಿದೆ, ಅದರಲ್ಲಿ ಅವಳ ತಿಂಗಳ ಟಾರ್ಗೆಟ್ ಬರೆದಿದೆ.

ಹಾಗಾದರೆ ಮಾರಲು ಏನೂ ಇಲ್ಲದವರ ಮಾತು ನಿಷ್ಪಕ್ಷಪಾತವಾಗಿರುತ್ತದೆ ಎಂದುಕೊಳ್ಳಬಹುದೆ? ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಅಜ್ಜಿ ನೆನಪಾಗುತ್ತಾಳೆ.

ಅಜ್ಜಿಗೆ ಚರ್ಮದ ಬಗ್ಗೆ ನಿಜವಾದ ಜ್ಞಾನವಿತ್ತು. ಶನಿವಾರ ಬಂತೆಂದರೆ ಬಚ್ಚಲೊಲೆಗೆ ಬೆಂಕಿ, ಹಂಡೆಯಲ್ಲಿ ನೀರು ಕುದಿ. ಮೈಗೆ ಎಣ್ಣೆ ತಿಕ್ಕಿ, ಮತ್ತಿಸೊಪ್ಪಿನ ಗೊಂಪಿನಲ್ಲಿ ತಲೆ ತೊಳೆದು, ಕಡಲೆಹಿಟ್ಟಿನಲ್ಲಿ ಮೈಯ ಜಿಡ್ಡು ತೆಗೆದು ಮಕ್ಕಳನ್ನು ಒಬ್ಬೊಬ್ಬರಾಗಿ ಹೊರಗೆ ಕಳುಹಿಸುತ್ತಿದ್ದಳು. ಚಳಿಗಾಲದಲ್ಲಿ ಹಿಮ್ಮಡಿ ಒಡೆದವರಿಗೆ ಮುರುಗಲು ತುಪ್ಪ. ಮುರುಗಲು ಬೀಜದಿಂದ ತೆಗೆದ ಆ ಗಟ್ಟಿ ತುಪ್ಪವನ್ನು ಉಂಡೆ ಕಟ್ಟಿ ಇಟ್ಟಿರುತ್ತಿದ್ದಳು. ರಾತ್ರಿ ಸ್ವಲ್ಪ ಕೆರೆದು, ದೀಪದ ಬಿಸಿಗೆ ಕರಗಿಸಿ, ಬಿರುಕಿಗೆ ತುಂಬುತ್ತಿದ್ದಳು. ನಾಲ್ಕು ರಾತ್ರಿ ಕಳೆದರೆ ನೋವು ಇಳಿಯುತ್ತಿತ್ತು. ಇವತ್ತು ಅದೇ ತುಪ್ಪ ಕೋಕಮ್ ಬಟರ್ ಎಂಬ ಹೆಸರಿನಲ್ಲಿ ದುಬಾರಿ ಕ್ರೀಮುಗಳ ಪಟ್ಟಿಯಲ್ಲಿ ಕಾಣಿಸುತ್ತದೆ. ಒಡೆದ ಚರ್ಮದ ಮೇಲೆ ಪದರವಾಗಿ ಕೂತು ಒಳಗಿನ ನೀರು ಆರದಂತೆ ತಡೆಯುವುದೇ ಅದರ ಗುಣ. ಅಜ್ಜಿಗೆ ಕಾರಣ ಗೊತ್ತಿರಲಿಲ್ಲ, ಫಲ ಗೊತ್ತಿತ್ತು. ಒಂದು ಊರಿನ ಹಿಮ್ಮಡಿಗಳನ್ನೆಲ್ಲ ದಶಕಗಳ ಕಾಲ ನೋಡಿ ಪಡೆದ ತಿಳಿವಳಿಕೆ ಅದು.

ಆದರೆ ಅದೇ ಅಜ್ಜಿ ನಮ್ಮ ಸಣ್ಣತ್ತೆಯ ಮುಖಕ್ಕೆ ಮಾಡಿದ್ದು ಬೇರೆ. ಸಣ್ಣತ್ತೆ ಎಣ್ಣೆಗಪ್ಪು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಹಾಡು ಕೇಳಿ, "ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಒಂದು..." ಎಂದು ಮಾತು ಅರ್ಧಕ್ಕೆ ಬಿಟ್ಟು ಎದ್ದು ಹೋಗುತ್ತಿದ್ದರು. ಅವರು ಹೋದ ಮಾರನೇ ದಿನದಿಂದ ಕಡಲೆಹಿಟ್ಟಿಗೆ ಲಿಂಬೆರಸ ಸೇರುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಮುಖಕ್ಕೆ ಬಳಿದು, ಒಣಗಿದ ಮೇಲೆ ಗಸಗಸ ಉಜ್ಜಿ ತೆಗೆಯುವುದು. ಉರಿಯುತ್ತದೆ ಎಂದರೆ, "ಉರಿದರೇನೇ ಬಣ್ಣ ತಿಳಿಯಾಗೋದು, ಸುಮ್ಮನಿರು" ಎನ್ನುತ್ತಿದ್ದಳು. ಸಣ್ಣತ್ತೆ ಆ ಮುಖ ಹೊತ್ತುಕೊಂಡೇ ಅಂಗಳದಲ್ಲಿ ಅಡಿಕೆ ಹರಡಲು ಹೋಗುತ್ತಿದ್ದಳು. ಕೆಲವು ವಾರಗಳಲ್ಲಿ ಕೆನ್ನೆಯ ಮೇಲೆ ಮೊದಲಿಗಿಂತ ಕಪ್ಪಾದ ಮಚ್ಚೆಗಳು ಎದ್ದವು. ಮನೆಯವರು ದೃಷ್ಟಿ ಎಂದರು, ಪಿತ್ತ ಎಂದರು.

ಬಹಳ ವರ್ಷಗಳ ಮೇಲೆ ಓದಿ ತಿಳಿದೆ. ಲಿಂಬೆ ಜಾತಿಯ ಹಣ್ಣುಗಳಲ್ಲಿ ಬಿಸಿಲಿನ ಜೊತೆ ಸೇರಿ ಚರ್ಮವನ್ನು ಸುಡುವ ಒಂದು ರಾಸಾಯನಿಕವಿದೆ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆ ಏಳಬಹುದು, ಆಮೇಲೆ ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುತ್ತದೆ. ಅದಲ್ಲದೆ ನಮ್ಮ ಚರ್ಮದ ಮೇಲ್ಪದರ ಸ್ವಭಾವದಿಂದಲೇ ಕೊಂಚ ಆಮ್ಲೀಯ, ಅದರ ಪಿಎಚ್ ಸುಮಾರು 5. ಲಿಂಬೆರಸದ್ದು 2ರ ಆಸುಪಾಸು. ದಿನವೂ ಅದನ್ನು ಬಳಿದು ಉಜ್ಜಿದರೆ ಮೇಲ್ಪದರ ಕಿತ್ತು ಬರುವುದೇ ಸರಿ. ಕಂದು ಚರ್ಮಕ್ಕೆ ಏನೇ ಗಾಯವಾದರೂ, ಉರಿಯಾದರೂ, ಅದು ಕಪ್ಪು ಕಲೆಯನ್ನು ಉಳಿಸಿ ಹೋಗುವ ಸಂಭವ ಹೆಚ್ಚು. ಬೆಳ್ಳಗೆ ಮಾಡಲು ಹೊರಟ ಉಪಾಯವೇ ಕಪ್ಪು ಮಾಡಿತ್ತು.

ಅಜ್ಜಿಗೆ ಅದರಿಂದ ಒಂದು ಪೈಸೆ ಲಾಭವಿರಲಿಲ್ಲ. ಮಗಳ ಮೇಲೆ ಪ್ರಾಣವಿತ್ತು. ಹಿಮ್ಮಡಿಯ ವಿಷಯದಲ್ಲಿ ಅಷ್ಟು ಸರಿಯಾಗಿದ್ದ ಅವಳ ಕಣ್ಣು ಮುಖದ ವಿಷಯದಲ್ಲಿ ಯಾಕೆ ತಪ್ಪಿತು? ನಾನು ಸಣ್ಣತ್ತೆಯನ್ನೇ ಕೇಳಿದ್ದೇನೆ. ಅವಳು ಶಾಲಾ ಶಿಕ್ಷಕಿಯಾಗಿ ನಿವೃತ್ತಳಾದವಳು, ಅಳೆದು ಮಾತಾಡುವವಳು. "ಹಿಮ್ಮಡಿ ನೋಡೋವಾಗ ಅಮ್ಮ ಹಿಮ್ಮಡಿ ನೋಡ್ತಿದ್ಲು. ನನ್ನ ಮುಖ ನೋಡೋವಾಗ ಬರೋ ಗಂಡಿನ ಕಡೆಯವರ ಕಣ್ಣಲ್ಲಿ ನೋಡ್ತಿದ್ಲು" ಅಂದಳು. ನನಗೆ ಇದಕ್ಕಿಂತ ಸ್ಪಷ್ಟವಾದ ವಿವರಣೆ ಬೇರೆಲ್ಲೂ ಸಿಕ್ಕಿಲ್ಲ. ಹಣದ ಆಸೆ ಇಲ್ಲದ ಸಲಹೆಯೂ ಪಕ್ಷಪಾತದ್ದಾಗಬಹುದು. ಕಪ್ಪು ಎನ್ನುವುದು ಗುಣಪಡಿಸಬೇಕಾದ ಒಂದು ಕಾಯಿಲೆ ಎಂದು ಮನಸ್ಸು ಮೊದಲೇ ತೀರ್ಮಾನ ಮಾಡಿದ್ದರೆ, ಪ್ರೀತಿಯೂ ಚರ್ಮವನ್ನು ಸುಡುತ್ತದೆ.

ಮೆಡಿಕಲ್ ಶಾಪಿಗೆ ಸಂಜೆ ಹೊತ್ತು ಒಬ್ಬ ಹಿರಿಯರು ಬರುತ್ತಿದ್ದರು. ಸರ್ಕಾರಿ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ನಿವೃತ್ತರಾದವರು. ಪಿಂಚಣಿ ಬರುತ್ತಿತ್ತು, ಮನೆಯಲ್ಲಿ ಹೊತ್ತು ಹೋಗದು ಎಂದು ಎರಡು ಗಂಟೆ ಕೌಂಟರಿನಲ್ಲಿ ನಿಲ್ಲುತ್ತಿದ್ದರು. ಎಷ್ಟು ಮಾರಿದರೂ, ಏನು ಮಾರಿದರೂ ಅವರ ಸಂಬಳ ಒಂದೇ. ಮುಖ ತೋರಿಸಿ ಕೇಳಿದವರಿಗೆ ಅವರು ಮೊದಲು ಪ್ರಶ್ನೆ ಕೇಳುತ್ತಿದ್ದರು. ಉರಿ ಇದೆಯಾ, ತುರಿಕೆ ಇದೆಯಾ? ಎಷ್ಟು ದಿನದಿಂದ? ಈಗ ಏನು ಹಚ್ತಾ ಇದ್ದೀರಿ? ಮೂರನೆಯದಕ್ಕೆ ಉದ್ದದ ಉತ್ತರ ಬಂದರೆ, "ಎಲ್ಲ ನಿಲ್ಲಿಸಿ. ಹದಿನೈದು ದಿನ ನೀರು ಬಿಟ್ಟು ಏನೂ ಮುಟ್ಟಿಸಬೇಡಿ. ಆಮೇಲೆ ಬನ್ನಿ" ಎನ್ನುತ್ತಿದ್ದರು. ಬರಿಗೈಯಲ್ಲಿ ವಾಪಸು ಹೋಗುವ ಗಿರಾಕಿಯನ್ನು ಯಜಮಾನರು ನೋಡುತ್ತಿದ್ದರು, ಹಿರಿಯರೆಂದು ಸುಮ್ಮನಿರುತ್ತಿದ್ದರು.

ನನಗೆ ಅವರ ಮೇಲೆ ಅಪಾರ ಗೌರವ. ಆ ಗೌರವಕ್ಕೆ ಕುಂದು ಬಾರದಂತೆಯೇ ಇನ್ನೊಂದು ಮಾತನ್ನೂ ಹೇಳಬೇಕು. ಅವರ ಕೈಯಲ್ಲಿ ಇದ್ದದ್ದು ಒಂದೇ ಮದ್ದು, ಕೊಬ್ಬರಿ ಎಣ್ಣೆ. ಒಣಗಿದ ಮೈಗೆ, ಮಕ್ಕಳ ಚರ್ಮಕ್ಕೆ ಅದು ಹಿತವೇ. ಆದರೆ ಎಣ್ಣೆಮುಖದ, ಮೊಡವೆ ಏಳುವ ಹರೆಯದ ಹುಡುಗಿಯರಿಗೂ ಅವರು ಅದನ್ನೇ ಹೇಳುತ್ತಿದ್ದರು. ಅಂಥ ಮುಖದ ರಂಧ್ರಗಳನ್ನು ಕೊಬ್ಬರಿ ಎಣ್ಣೆ ಇನ್ನಷ್ಟು ಮುಚ್ಚುತ್ತದೆ. ಲಾಭವಿಲ್ಲ, ಬಣ್ಣದ ಪೂರ್ವಗ್ರಹವೂ ಇಲ್ಲ, ಆದರೂ ಸಲಹೆ ಪೂರ್ತಿ ಸರಿಯಲ್ಲ. ತನಗೆ ಗೊತ್ತಿಲ್ಲದ್ದು ಯಾವುದು ಎನ್ನುವ ಅರಿವು ಸಲಹೆ ಕೊಡುವವರಿಗೆ ಬೇಕೇ ಬೇಕು.

ಆ ಅರಿವು ಕಾಂಪೌಂಡರಿಗೆ ಇದ್ದದ್ದನ್ನು ಒಂದು ಸಂಜೆ ನಾನು ಕಂಡೆ. ನಮ್ಮ ಬೀದಿಯ ಒಬ್ಬಳು ಹುಡುಗಿ ಟೈಲರಿಂಗ್ ಕ್ಲಾಸಿಗೆ ಹೋಗುತ್ತಿದ್ದಳು, ನನ್ನದೇ ವಯಸ್ಸು. ಯಾವುದೋ ಊರಿನ ಅಂಗಡಿಯಲ್ಲಿ ಬೆಳ್ಳಗಾಗಲು ಎಂದು ಕೊಟ್ಟ ಟ್ಯೂಬೊಂದನ್ನು ವರ್ಷಕ್ಕೂ ಮೇಲೆ ಹಚ್ಚಿದ್ದಳು. ಮೊದಲ ವಾರಗಳಲ್ಲಿ ಮುಖ ತಿಳಿಯಾಗಿ, ಮೊಡವೆ ಮಾಯವಾಗಿ, ಬೀದಿಯವರೆಲ್ಲ ಏನು ಹಚ್ಚುತ್ತೀ ಎಂದು ಕೇಳಿದ್ದರು. ಅಂಗಡಿಗೆ ಬಂದ ದಿನ ಅವಳ ಕೆನ್ನೆ ಕೆಂಪಾಗಿ, ತೆಳ್ಳಗಾಗಿ, ಒಳಗಿನ ಸಣ್ಣ ರಕ್ತನಾಳಗಳು ಕಾಣುತ್ತಿದ್ದವು. ಬಿಸಿಲಿಗೆ ಹೋದರೆ ಉರಿ. ಒಂದು ದಿನ ಹಚ್ಚದಿದ್ದರೆ ಮುಖವೆಲ್ಲ ಗುಳ್ಳೆ, ಹಾಗಾಗಿ ಇನ್ನೊಂದು ಟ್ಯೂಬ್ ಬೇಕು ಎಂದು ಬಂದಿದ್ದಳು. ಕಾಂಪೌಂಡರು ಕನ್ನಡಕ ಏರಿಸಿ ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದಿದರು. "ಇದು ನನಗೆ ತಿಳಿಯೋ ವಿಷಯ ಅಲ್ಲ ಮಗಾ. ಜಿಲ್ಲಾ ಆಸ್ಪತ್ರೆಗೆ ಹೋಗು, ಚರ್ಮದ ಡಾಕ್ಟರಿಗೇ ತೋರಿಸು" ಅಂದರು. ಅವಳಿಗೆ ಒಬ್ಬಳೇ ಹೋಗಲು ಅಂಜಿಕೆ. ನಾನು ಜೊತೆಗೆ ಹೋದೆ.

ಹೊರರೋಗಿ ಚೀಟಿ ಮಾಡಿಸಿ, ಉದ್ದದ ಬೆಂಚಿನಲ್ಲಿ ತೊನ್ನಿನವರು, ಇಸುಬಿನವರು, ಕಜ್ಜಿಯ ಮಕ್ಕಳನ್ನು ಎತ್ತಿಕೊಂಡ ತಾಯಂದಿರ ನಡುವೆ ಕೂತೆವು. ಒಳಗೆ ಇದ್ದವರು ಒಬ್ಬ ಲೇಡಿ ಡಾಕ್ಟರು. ಟ್ಯೂಬ್ ನೋಡಿದರು, ಬೆಳಕಿಗೆ ಮುಖ ತಿರುಗಿಸಿ ನೋಡಿದರು. ಬೈಯಲಿಲ್ಲ. "ಇದು ಔಷಧಿ ಕಣಮ್ಮ. ಕಾಯಿಲೆ ಇದ್ದ ಜಾಗಕ್ಕೆ, ಕೆಲವೇ ದಿನ ಹಚ್ಚೋದು. ದಿನಾ ಮುಖಕ್ಕೆ ಬಳಿಯೋ ಕ್ರೀಮ್ ಅಲ್ಲ" ಎಂದರು. ನಿಧಾನವಾಗಿ ಬಿಡಿಸುವ ಕ್ರಮ ಹೇಳಿಕೊಟ್ಟರು. "ಬಿಟ್ಟ ಮೇಲೆ ಮೊದಲು ಜಾಸ್ತಿ ಆಗತ್ತೆ. ಹೆದರಿ ಮತ್ತೆ ಹಚ್ಚಬೇಡ. ಹೆದರಿಕೆ ಆದರೆ ಇಲ್ಲಿಗೆ ಬಾ." ಚೀಟಿಯಲ್ಲಿ ಬರೆದದ್ದು ವಾಸನೆಯಿಲ್ಲದ ಒಂದು ಸಾದಾ ಮುಲಾಮು, ಬಿಸಿಲಿಗೆ ಕೊಡೆ. ಇಡೀ ಹೊತ್ತಿನಲ್ಲಿ ಆ ಡಾಕ್ಟರು ಅವಳ ಬಣ್ಣದ ಬಗ್ಗೆ ಒಂದು ಮಾತೂ ಆಡಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಗೆಳತಿ ಹೇಳಿದ್ದೂ ಅದನ್ನೇ: "ಅವರು ಕಪ್ಪು ಬಿಳುಪು ಅನ್ನಲೇ ಇಲ್ಲ, ನೋಡು." ಅವಳ ಮುಖ ತಹಬಂದಿಗೆ ಬರಲು ತಿಂಗಳುಗಳೇ ಹಿಡಿದವು. ಬಂದಾಗ ಅದು ಅವಳ ಹುಟ್ಟುಬಣ್ಣದ ಮುಖವಾಗಿತ್ತು.

ಆ ಟ್ಯೂಬಿನಲ್ಲಿದ್ದದ್ದು ಸ್ಟೆರಾಯ್ಡ್. ಅದು ಚರ್ಮದ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಉರಿಯೂತವನ್ನು ಅಡಗಿಸುತ್ತದೆ, ಹಾಗಾಗಿ ಮೊದಲಿಗೆ ಮುಖ ತಿಳಿಯಾದಂತೆ ಕಾಣುತ್ತದೆ. ಹಚ್ಚುತ್ತ ಹೋದರೆ ಚರ್ಮ ತೆಳುವಾಗುತ್ತದೆ, ಬಿಟ್ಟರೆ ಅಡಗಿದ್ದದ್ದೆಲ್ಲ ಒಮ್ಮೆಲೇ ಎದ್ದು ಬರುತ್ತದೆ. ಇದು ನನ್ನ ಗೆಳತಿ ಒಬ್ಬಳ ಕಥೆಯಲ್ಲ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ದೇಶದ 12 ಕೇಂದ್ರಗಳ ಚರ್ಮವೈದ್ಯರು ಮುಖದ ತೊಂದರೆಯಿಂದ ಬಂದ 2926 ಜನರನ್ನು ಪರೀಕ್ಷಿಸಿದರು. ಅವರಲ್ಲಿ 433 ಮಂದಿ ಮುಖಕ್ಕೆ ಸ್ಟೆರಾಯ್ಡ್ ಹಚ್ಚುತ್ತಿದ್ದರು. ಆ 433 ಜನರಲ್ಲಿ 257 ಮಂದಿಗೆ ಅದನ್ನು ಹಚ್ಚಲು ಹೇಳಿದವರು ವೈದ್ಯರೇ ಅಲ್ಲ. ಈ ಅಂಕಿಗಳನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಕೌಂಟರಿನ ಮೂಲೆಯಲ್ಲಿ ಸೆರಗು ಸರಿಸಿ ಕಾಯುತ್ತಿದ್ದ ಹೆಂಗಸರು. ಕೇಳಲು ಬೇರೆ ಜಾಗವಿಲ್ಲದೆ ಅಲ್ಲಿ ನಿಂತವರು. ಚರ್ಮವೈದ್ಯರು ಬಹಳ ಕಾಲ ಒತ್ತಾಯಿಸಿದ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು.

ಈ ಮೂವತ್ತು ವರ್ಷಗಳಲ್ಲಿ ಬದಲಾದದ್ದು ಸಣ್ಣದಲ್ಲ. ಅಕ್ಕನ ಮಗಳಿಗೆ ಈಗಲೇ ಗೊತ್ತಿರುವ ಪದಾರ್ಥಗಳ ಹೆಸರು ನಮಗೆ ಯಾರಿಗೂ ಗೊತ್ತಿರಲಿಲ್ಲ. ಡಬ್ಬದ ಹಿಂದೆ ಪಟ್ಟಿ ಇರುತ್ತದೆ, ಹೆಚ್ಚು ಇರುವುದು ಮೊದಲು, ಕಡಿಮೆ ಇರುವುದು ಆಮೇಲೆ. ಮುಂಭಾಗದಲ್ಲಿ ಕೇಸರಿ, ಶ್ರೀಗಂಧದ ಚಿತ್ರ ಇದ್ದು ಹಿಂದಿನ ಪಟ್ಟಿಯ ತುದಿಯಲ್ಲಿ ಅವುಗಳ ಹೆಸರಿದ್ದರೆ ಎಷ್ಟು ಹಾಕಿದ್ದಾರೆಂದು ಅವಳೇ ಊಹಿಸಬಲ್ಲಳು. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ಅನ್ನು ಕೈಬಿಟ್ಟಿತು. ಆ ಕ್ರೀಮಿನಲ್ಲಿ ಬಣ್ಣ ತಿಳಿಗೊಳಿಸುತ್ತದೆ ಎಂದು ಹಾಕುತ್ತಿದ್ದ ನಯಾಸಿನಮೈಡ್, ಅಂದರೆ ಬಿ3 ಜೀವಸತ್ವ, ಈಗ ಗಾಜಿನ ಸೀಸೆಯಲ್ಲಿ ಶೇಕಡಾವಾರು ಬರೆದುಕೊಂಡು ಸೀರಮ್ ಆಗಿದೆ. ಪದಾರ್ಥ ಕೆಟ್ಟದ್ದಲ್ಲ, ಚರ್ಮದ ಮೇಲ್ಪದರಕ್ಕೆ ಬಲ ಕೊಡುತ್ತದೆ, ಕಲೆಗಳನ್ನು ತುಸು ತಿಳಿ ಮಾಡುತ್ತದೆ. ಆಗ ಅದನ್ನು ಮದುವೆಯ ಆಸೆ ತೋರಿಸಿ ಮಾರಿದರು, ಈಗ ಹೊಳಪಿನ ಆಸೆ ತೋರಿಸಿ ಮಾರುತ್ತಾರೆ.

ಸಲಹೆ ಕೊಡುವವರ ಸಂಖ್ಯೆಯೂ ಬೆಳೆದಿದೆ. ಫೋನಿನಲ್ಲಿ ಮುಖ ತೊಳೆದು ತೋರಿಸುವ ನೂರಾರು ಹುಡುಗಿಯರು, ಹುಡುಗರು ನನ್ನ ಅಕ್ಕನ ಮಗಳಿಗೆ ಗೆಳೆಯರಷ್ಟೇ ಪರಿಚಿತರು. ಅವರಲ್ಲಿ ನಿಜವಾಗಿ ಓದಿಕೊಂಡವರೂ ಇದ್ದಾರೆ. ಹಣ ಪಡೆದು ಹೊಗಳುವಾಗ ಅದು ಜಾಹೀರಾತು ಎಂದು ಸ್ಪಷ್ಟವಾಗಿ ಹೇಳಬೇಕೆಂದು ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದು ಒಳ್ಳೆಯದೇ. ನನ್ನ ಕಾಲದಲ್ಲಿ ಪರದೆಯ ಹಿಂದೆ ಇರುತ್ತಿದ್ದ ಲೆಕ್ಕದ ಪುಸ್ತಕದ ಒಂದು ಹಾಳೆಯಾದರೂ ಈಗ ಗಿರಾಕಿಯ ಕಡೆ ತಿರುಗಿದೆ. ಆದರೆ ಹಣ ಪಡೆದಿದ್ದೇನೆ ಎಂದು ಒಪ್ಪಿಕೊಂಡ ಮಾತ್ರಕ್ಕೆ ಸಲಹೆ ಸರಿಯಾಗುವುದಿಲ್ಲ. ‘ಡರ್ಮಟಾಲಜಿಸ್ಟ್ ಟೆಸ್ಟೆಡ್’ ಎಂಬ ಬರಹ ಪರೀಕ್ಷೆ ನಡೆದಿದೆ ಎನ್ನುತ್ತದೆ, ಪರೀಕ್ಷೆಯಲ್ಲಿ ಕಂಡದ್ದೇನು ಎನ್ನುವುದಿಲ್ಲ. ‘ನ್ಯಾಚುರಲ್’ ಎಂಬ ಬರಹ ಕಂಡಾಗ ನಾನು ಸಣ್ಣತ್ತೆಯ ಲಿಂಬೆರಸವನ್ನು ನೆನೆಯುತ್ತೇನೆ. ಬೆಳ್ಳಗಾಗುವ ಹಂಬಲವೂ ಹೋಗಿಲ್ಲ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಕೆಲವರ ಮೂತ್ರಪಿಂಡ ಕೆಟ್ಟದ್ದರ ಕಾರಣ ಹುಡುಕಿದ ವೈದ್ಯರು ಕೊನೆಗೆ ಮುಟ್ಟಿದ್ದು ಅವರು ಬಳಸುತ್ತಿದ್ದ ಬೆಳ್ಳಗಾಗುವ ಕ್ರೀಮುಗಳಿಗೆ, ಅವುಗಳಲ್ಲಿದ್ದ ಪಾದರಸಕ್ಕೆ. ಸೌಂದರ್ಯವರ್ಧಕಗಳಿಗೆ ಪಾದರಸ ಬೆರೆಸುವುದನ್ನು ನಮ್ಮ ಕಾನೂನು ನಿಷೇಧಿಸಿದೆ. ಆದರೂ ತಯಾರಕರು ಯಾರೆಂದು ತಿಳಿಯದ ಡಬ್ಬಗಳು ಕೈಯಿಂದ ಕೈಗೆ ಬರುತ್ತವೆ.

ಅಕ್ಕನ ಮಗಳ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಆ ಮೂವರು ನಾಲ್ವರಿಂದ ಕಲಿತದ್ದು. ಯಾರ ಮಾತನ್ನು ಕೇಳುವ ಮೊದಲೂ ಮೂರು ಸಂಗತಿ ನೋಡು ಎಂದೆ. ನೀನು ಕೊಂಡರೆ ಅವರಿಗೆ ಏನು ಸಿಗುತ್ತದೆ? ನಿನ್ನ ಬಣ್ಣವನ್ನು ಅವರು ಒಂದು ಕೊರತೆ ಎಂದು ಎಣಿಸಿದ್ದಾರೆಯೇ? ತಿಳಿಯದ್ದು ಬಂದಾಗ ನನಗೆ ತಿಳಿಯದು ಎನ್ನುತ್ತಾರೆಯೇ? ಇದಕ್ಕೆ ಇನ್ನೊಂದು ಗುರುತನ್ನೂ ಸೇರಿಸಬಹುದು. ಪಕ್ಷಪಾತವಿಲ್ಲದವರು ಸಾಮಾನ್ಯವಾಗಿ ಮೊದಲು ಹೇಳುವುದು ಯಾವುದನ್ನು ನಿಲ್ಲಿಸಬೇಕು ಎಂದು. ಮಾರುವವರ ಪಟ್ಟಿಯಲ್ಲಿ ಕಳೆಯುವ ಲೆಕ್ಕ ಇರುವುದು ಅಪರೂಪ.

ಅವಳನ್ನು ಒಬ್ಬ ಚರ್ಮವೈದ್ಯರ ಹತ್ತಿರ ಕಳುಹಿಸಿದೆ. ಚರ್ಮದ ವಿಷಯದಲ್ಲಿ ಎಂ.ಡಿ. ಅಥವಾ ಡಿಪ್ಲೊಮಾ ಓದಿದವರೇ, ಅವರ ಹೆಸರು ಮೆಡಿಕಲ್ ಕೌನ್ಸಿಲ್‌ನಲ್ಲಿ ನೋಂದಣಿಯಾಗಿದೆಯೇ ಎಂದು ಮೊದಲು ನೋಡಿದೆವು. ಬ್ಯೂಟಿ ಕ್ಲಿನಿಕ್ಕಿನ ಬೋರ್ಡುಗಳೆಲ್ಲ ಚರ್ಮವೈದ್ಯರ ಬೋರ್ಡಲ್ಲ. ತಮ್ಮದೇ ಕ್ಲಿನಿಕ್ಕಿನ ಕ್ರೀಮನ್ನು ಮಾತ್ರ ಕೊಡುವವರಾದರೆ ಇನ್ನೊಬ್ಬರನ್ನು ಕೇಳು ಎಂದಿದ್ದೆ. ಸಿಕ್ಕವರು ಹಾಗಿರಲಿಲ್ಲ. ಅವರ ಚೀಟಿಯಲ್ಲಿ ಇದ್ದದ್ದು ಇಷ್ಟೇ: ಮುಖ ತೊಳೆಯಲು ಒಂದು ಸೌಮ್ಯ ಕ್ಲೆನ್ಸರ್ (ಏಕೆಂದರೆ ಸಾಮಾನ್ಯ ಸೋಪಿನ ಪಿಎಚ್ 9ರಿಂದ 10, ಚರ್ಮಕ್ಕೆ ಅದು ಹೆಚ್ಚು), ಎಣ್ಣೆಯಿಲ್ಲದ ಮಾಯಿಶ್ಚರೈಸರ್, ಬೆಳಿಗ್ಗೆ ಸನ್‌ಸ್ಕ್ರೀನ್, ರಾತ್ರಿ ಮೊಡವೆಗೆ ಒಂದು ಔಷಧಿ. ಎಸ್‌ಪಿಎಫ್ 30 ಇರುವುದು ಚರ್ಮ ಸುಡುವ ಕಿರಣಗಳಲ್ಲಿ ಶೇಕಡ 97ನ್ನು ತಡೆಯುತ್ತದೆ, 50 ಇರುವುದು ಶೇಕಡ 98ನ್ನು. ಆದ್ದರಿಂದ ಸಂಖ್ಯೆಗಿಂತ ಮುಖ್ಯವಾದದ್ದು ಹಚ್ಚುವ ಪ್ರಮಾಣ, ಮುಖ ಕತ್ತು ಸೇರಿ ಎರಡು ಬೆರಳುದ್ದ, ಬಿಸಿಲಲ್ಲಿ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಹೊಸದನ್ನು ಒಂದೊಂದಾಗಿ ಶುರು ಮಾಡುವುದು, ಮೊದಲು ಮೊಣಕೈಯ ಒಳಬದಿಗೆ ಕೆಲವು ದಿನ ಹಚ್ಚಿ ನೋಡುವುದು. ಚರ್ಮದ ಮೇಲ್ಪದರ ಹೊಸದಾಗಲು ಸುಮಾರು ಒಂದು ತಿಂಗಳು ಬೇಕು, ಆದ್ದರಿಂದ ಆರರಿಂದ ಎಂಟು ವಾರ ಕಾಯದೆ ತೀರ್ಪು ಕೊಡಬಾರದು. ಗರ್ಭಿಣಿಯಾದರೆ ಅಥವಾ ಆಗುವ ಯೋಚನೆ ಇದ್ದರೆ ರೆಟಿನಾಲ್ ಜಾತಿಯದ್ದು ಯಾವುದೂ ಬೇಡ. ಮಾಲ್‌ನ ಪಟ್ಟಿಯ ಟೋನರ್, ಕಣ್ಣಿನ ಕ್ರೀಮು, ಎರಡೂ ಸೀರಮ್ ಈ ಚೀಟಿಯಲ್ಲಿ ಇರಲಿಲ್ಲ.

ಅವಳಿಗೆ ಇದೆಲ್ಲ ಸಾಧ್ಯವಾದದ್ದು ಅವಳು ಬೆಂಗಳೂರಿನಲ್ಲಿ ಇರುವುದರಿಂದ, ಖಾಸಗಿ ವೈದ್ಯರ ಫೀಸು ಕೊಡಲು ಸಂಬಳ ಇರುವುದರಿಂದ. ಈ ಮಾತು ನನ್ನನ್ನು ಬಾಧಿಸುತ್ತದೆ. ನಾನು ಲೆಕ್ಕ ಬರೆದ ಊರಿನಲ್ಲಿ ಈಗ ಮೆಡಿಕಲ್ ಶಾಪುಗಳು ಹೆಚ್ಚಿವೆ, ಬ್ಯೂಟಿ ಪಾರ್ಲರುಗಳು ಬಂದಿವೆ, ಎಲ್ಲರ ಕೈಯಲ್ಲೂ ಫೋನಿದೆ. ಮುಖ ತೋರಿಸಿ ಕೇಳುವ ಹುಡುಗಿಗೆ ಮಾರುವವರು ಊರ ತುಂಬ ಸಿಗುತ್ತಾರೆ, ಬರೀ ಹೇಳುವವರು ಸಿಗುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು, ನಾನು ಅದನ್ನು ಗಟ್ಟಿಯಾಗಿಯೇ ಇಡುತ್ತೇನೆ. ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಒಂದು ದಿನವಾದರೂ ಚರ್ಮವೈದ್ಯರು ಕೂರಲಿ. ಹೈಸ್ಕೂಲಿನ ಒಂಬತ್ತು, ಹತ್ತನೇ ತರಗತಿಯ ಹುಡುಗ ಹುಡುಗಿಯರಿಗೆ, ಮೊಡವೆ ಏಳುವ ಆ ವಯಸ್ಸಿನಲ್ಲೇ, ಡಬ್ಬದ ಹಿಂದಿನ ಪಟ್ಟಿ ಓದುವುದನ್ನು ಕಲಿಸಲಿ. ಸ್ಟೆರಾಯ್ಡ್ ಟ್ಯೂಬನ್ನು ಚೀಟಿ ಇಲ್ಲದೆ ಕೊಡಬಾರದು ಎಂಬ ನಿಯಮವನ್ನು ಕೌಂಟರಿನಲ್ಲಿ ಪಾಲಿಸುವಂತೆ ಅಧಿಕಾರಿಗಳು ನೋಡಿಕೊಳ್ಳಲಿ. ಅಂದು ಆ ಲೇಡಿ ಡಾಕ್ಟರು ನನ್ನ ಗೆಳತಿಗೆ ಕೊಟ್ಟ ಸಲಹೆಯಲ್ಲಿ ಲಾಭದ ಲೆಕ್ಕವಿರಲಿಲ್ಲ, ಬಣ್ಣದ ಮಾತಿರಲಿಲ್ಲ, ತಿಳಿವಳಿಕೆ ಪೂರ್ತಿ ಇತ್ತು. ಅದಕ್ಕೆ ಅವಳು ತೆತ್ತದ್ದು ಹೊರರೋಗಿ ಚೀಟಿಯ ದುಡ್ಡು ಮಾತ್ರ. ಅಂಥ ಸಲಹೆ ಅದೇ ದುಡ್ಡಿಗೆ ಊರೂರಲ್ಲೂ ಸಿಗುವ ತನಕ, ನಮ್ಮ ಮಕ್ಕಳ ಮುಖವನ್ನು ಮಾರುವವರ ಕೈಗೇ ಒಪ್ಪಿಸಿ ನಾವು ಸುಮ್ಮನೆ ಕೂತಿದ್ದೇವೆ ಎಂದೇ ಅರ್ಥ.